ಹಾಸಿಗೆ ಹತ್ತಿರಕ್ಕೇ ಸ್ಕ್ಯಾನಿಂಗ್ ಬರಲಿ

ಸಂಪಾದಕರಿಗೆ ನಮಸ್ಕಾರ.

ಹೋದ ಮಳೆಗಾಲದಲ್ಲಿ ನಮ್ಮಪ್ಪನಿಗೆ ಉಸಿರಾಟದ ತೊಂದರೆ ಜಾಸ್ತಿಯಾಗಿ ಮೈಸೂರಿನ ಒಂದು ಆಸ್ಪತ್ರೆಗೆ ಸೇರಿಸಿದ್ದೆವು. ಅಲ್ಟ್ರಾಸೌಂಡ್ ಸ್ಕ್ಯಾನಿಂಗ್ ಆಗಬೇಕು ಅಂದರು. ವಾರ್ಡ್ ಮೇಲಿನ ಮಹಡಿ, ಸ್ಕ್ಯಾನಿಂಗ್ ರೂಮ್ ಕೆಳಗೆ. ಮಲಗಿಸಿದರೆ ಉಸಿರೇ ಸಿಗದ ಮನುಷ್ಯನನ್ನು ವೀಲ್‌ಚೇರಿನಲ್ಲಿ ಕೂರಿಸಿ, ಆಕ್ಸಿಜನ್ ಸಿಲಿಂಡರ್ ನಾನು ತಳ್ಳಿಕೊಂಡು, ಲಿಫ್ಟಿಗೆ ಕಾದು ಕೆಳಗೆ ಹೋದರೆ ಅಲ್ಲಿ ಬಾಗಿಲವರೆಗೂ ಜನ. ಮುಕ್ಕಾಲು ಗಂಟೆ ಕಾದೆವು. ಅಪ್ಪ ನನ್ನ ಅಂಗಿ ತೋಳು ಹಿಡಿದುಕೊಂಡೇ ಕೂತಿದ್ದರು, ಒಂದು ಮಾತೂ ಆಡಲಿಲ್ಲ.

ಶ್ವಾಸಕೋಶದ ಸುತ್ತ ನೀರು ತುಂಬಿತ್ತು, ತೆಗೆದರು. ಎರಡು ದಿನ ಬಿಟ್ಟು ರಾತ್ರಿ ಮತ್ತೆ ಏದುಸಿರು ಶುರುವಾಯಿತು. ಈ ಸಲ ಡ್ಯೂಟಿ ಡಾಕ್ಟರು ಟ್ರಿಮ್ಮರ್‌ನಷ್ಟು ದಪ್ಪದ, ಕೈಯಲ್ಲೇ ಹಿಡಿಯುವ ಒಂದು ಅಲ್ಟ್ರಾಸೌಂಡ್ ಸ್ಕ್ಯಾನರ್ ತಂದು ಟ್ಯಾಬ್‌ಗೆ ಸಿಕ್ಕಿಸಿದರು. ಜೆಲ್ ತಣ್ಣಗಿರುತ್ತೆ ಅಂತ ಅಂಗೈಯಲ್ಲಿ ಉಜ್ಜಿ, ಅಪ್ಪನ ಬೆನ್ನಿಗೆ ಹಚ್ಚಿ, ಪಕ್ಕೆಲುಬುಗಳ ನಡುವೆ ಇಟ್ಟರು. "ನೋಡಿ, ಈ ಕಪ್ಪಗಿರೋದೆಲ್ಲ ನೀರು, ಅದರೊಳಗೆ ಅಲ್ಲಾಡ್ತಿರೋದು ಶ್ವಾಸಕೋಶದ ತುದಿ" ಅಂತ ನನಗೂ ತೋರಿಸಿದರು. ಸೂಜಿ ಹಾಕುವ ಜಾಗಕ್ಕೆ ಪೆನ್ನಿನಲ್ಲಿ ಗುರುತು ಮಾಡಿದರು. ಇಷ್ಟಕ್ಕೆ ಐದು ನಿಮಿಷ ಹಿಡಿಯಲಿಲ್ಲ, ಅಪ್ಪ ಹಾಸಿಗೆ ಬಿಟ್ಟು ಇಳಿಯಲೂ ಇಲ್ಲ.

ಇದು ಎಲ್ಲ ವಾರ್ಡುಗಳಲ್ಲೂ ಯಾಕಿರಬಾರದು? ಎಕ್ಸ್‌ರೇ ತರ ವಿಕಿರಣ ಇಲ್ಲ, ಬೆಳಿಗ್ಗೆ ನೋಡಿ ಸಂಜೆ ಮತ್ತೆ ನೋಡಬಹುದು. ಡೆಂಗಿ ರೋಗಿಯ ಹೊಟ್ಟೆಯಲ್ಲಿ ನೀರು ಸೇರುತ್ತಿದೆಯಾ, ಹೃದಯದ ಸುತ್ತ ನೀರಿದೆಯಾ, ಮೂತ್ರ ಕಟ್ಟಿದೆಯಾ, ನಮ್ಮ ಬೆಂಗಳೂರು-ಮೈಸೂರು ಹೆದ್ದಾರಿಯಲ್ಲಿ ಅಪಘಾತವಾಗಿ ಬಂದವರಿಗೆ ಹೊಟ್ಟೆಯೊಳಗೆ ರಕ್ತ ಸೋರುತ್ತಿದೆಯಾ ಅಂತ ಅಲ್ಲೇ ಗೊತ್ತಾಗುತ್ತದೆ. ದೊಡ್ಡ ಯಂತ್ರದಷ್ಟು ವಿವರ ಸಿಗುವುದಿಲ್ಲ, ನೋಡುವ ಕೈ ಪಳಗಿರಬೇಕು, ಅನುಮಾನ ಬಂದರೆ ಕೆಳಗಿನ ರೂಮಿಗೆ ಕಳಿಸಲೇಬೇಕು. ಅದು ನಿಜ.

ನಮ್ಮ ಮಂಡ್ಯ ಜಿಲ್ಲೆಯಲ್ಲಿ ಸಣ್ಣ ಸ್ಕ್ಯಾನರ್ ಅಂದರೆ ಜನರಿಗೆ ಮೊದಲು ನೆನಪಾಗುವುದು ಆಲೆಮನೆ. ಬೆಲ್ಲ ಕಾಯಿಸುವ ಜಾಗದಲ್ಲಿ ಸ್ಕ್ಯಾನಿಂಗ್ ಯಂತ್ರ ಇಟ್ಟುಕೊಂಡು ಹೆಣ್ಣು ಭ್ರೂಣ ಪತ್ತೆ ಮಾಡುತ್ತಿದ್ದದ್ದು 2023ರ ಕೊನೆಯಲ್ಲಿ ಬಯಲಾಯಿತಲ್ಲ, ಇಬ್ಬರು ಹೆಣ್ಣುಮಕ್ಕಳ ತಂದೆಯಾದ ನನಗೆ ಅದನ್ನು ನೆನೆದರೆ ಈಗಲೂ ಹೊಟ್ಟೆ ಉರಿಯುತ್ತದೆ. ಭ್ರೂಣಲಿಂಗ ಪತ್ತೆ ತಡೆಯುವ 1994ರ ಕಾಯ್ದೆ ಒಂದಿಷ್ಟೂ ಸಡಿಲ ಆಗಬಾರದು. ಆದರೆ ಅದೇ ಕಾಯ್ದೆಯ ನಿಯಮಗಳಿಗೆ 2012ರಲ್ಲಿ ತಂದ ತಿದ್ದುಪಡಿಯಲ್ಲೇ, ನೋಂದಣಿಯಾದ ಆಸ್ಪತ್ರೆಯ ಆವರಣದೊಳಗೆ ಒಳರೋಗಿಗಳಿಗೆ ಪೋರ್ಟಬಲ್ ಯಂತ್ರ ಬಳಸಲು ದಾರಿ ಇದೆ. ಭಯಕ್ಕೆ ಸುಮ್ನೆ ಬೇಡ ಅಂತ ಕೂತರೆ ಕಳ್ಳರಿಗೇನೂ ತೊಂದರೆಯಿಲ್ಲ, ನರಳುವವರು ವಾರ್ಡಿನಲ್ಲಿರುವ ರೋಗಿಗಳು, ಅಲ್ವಾ?

ಮಂಡ್ಯದ ಜಿಲ್ಲಾ ಆಸ್ಪತ್ರೆ, ಮದ್ದೂರು, ಮಳವಳ್ಳಿ, ನಾಗಮಂಗಲದಂಥ ತಾಲ್ಲೂಕು ಆಸ್ಪತ್ರೆಗಳಿಗೆ ಇಂಥ ಯಂತ್ರ ಕೊಡಿಸಿ. ಒಂದೊಂದನ್ನೂ ನೋಂದಣಿ ಮಾಡಿಸಿ, ಬೀಗ ಹಾಕಿದ ಬೀರುವಿನಲ್ಲಿಡಿ, ಯಾವ ಡಾಕ್ಟರು ಯಾವ ರೋಗಿಗೆ ಎಷ್ಟು ಹೊತ್ತಿಗೆ ಬಳಸಿದರು ಅಂತ ಪುಸ್ತಕದಲ್ಲಿ ಬರೆಸಿ. ಡಾಕ್ಟರುಗಳಿಗೆ ಸರಿಯಾದ ತರಬೇತಿ ಕೊಡಿ. ಆರೋಗ್ಯ ಇಲಾಖೆಯವರು ಒಂದು ರಾತ್ರಿ ಯಾವುದಾದರೂ ಆಸ್ಪತ್ರೆಗೆ ಬಂದು, ಸಿಲಿಂಡರ್ ಹಿಡಿದುಕೊಂಡು ಲಿಫ್ಟ್ ಮುಂದೆ ನಿಂತಿರುವ ಮನೆಯವರನ್ನು ಮಾತಾಡಿಸಿ ನೋಡಲಿ.

– ಒಬ್ಬ ಓದುಗ, ಮಂಡ್ಯ