ಮಗಳಿಗೊಂದು ಪತ್ರ: ಕೊಳೆ ಔಷಧಿಯ ಲೆಕ್ಕ

ಪ್ರೀತಿಯ ಕೂಸಿಗೆ ಅಮ್ಮನ ಆಶೀರ್ವಾದ.

ಅಪ್ಪನ ಬೈಪಾಸ್ ಗುರುವಾರ ಅಂತ ಇವತ್ತು ಗಟ್ಟಿಯಾಯ್ತು. ನಾನು ಇಲ್ಲಿಂದ ಕದಲುವ ಹಾಗಿಲ್ಲ. ನೀನು ರಜೆ ಹಾಕಿ ಊರಿಗೆ ಹೋಗ್ತೇನೆ ಅಂದದ್ದು ಕೇಳಿ ಅಪ್ಪ ಏನೂ ಮಾತಾಡ್ಲಿಲ್ಲ, ಆದ್ರೆ ಸಂಜೆ ನರ್ಸ್ ಹತ್ರ "ತೋಟ ಮಗಳು ನೋಡ್ಕೋತಾಳೆ" ಅಂತ ಹೇಳಿದ್ರು. ನಿನಗೆ ಗೊತ್ತಿರಲಿ ಅಂತ ಬರೆದೆ.

ಫೋನಿನಲ್ಲಿ ನೀನು ಕೇಳಿದ ಪ್ರಶ್ನೆಗೆ ನಾನು ಸಿಡುಕಿದೆ, ಉತ್ತರ ಕೊಡಲಿಲ್ಲ. "ಈ ಒಂದು ವರ್ಷ ಅಡಿಕೆಗೆ ಬೋರ್ಡೋ ಔಷಧಿ ಬಿಟ್ರೆ ಏನಾಗತ್ತೆ?" ಆಗೋದು ಇಷ್ಟು. ಎಡೆಬಿಡದೆ ಮಳೆ ಸುರಿದು, ನಡುವೆ ಸ್ವಲ್ಪ ಬಿಸಿಲು ಕಂಡು, ಮತ್ತೆ ಮಳೆ ಹಿಡಿದರೆ ಕೊಳೆರೋಗ ಶುರು. ತೊಟ್ಟಿನ ಹತ್ತಿರ ನೀರು ಕುಡಿದ ಹಾಗೆ ಕಡುಹಸಿರು ಕಲೆ ಬರುತ್ತದೆ, ಅದು ಕಾಯಿಯಿಡೀ ಹರಡುತ್ತದೆ, ಕಾಯಿ ಉದುರುತ್ತದೆ, ಬಿದ್ದ ಕಾಯಿಯ ಮೇಲೆ ಬಿಳಿ ಬೂಸ್ಟು ಏಳುತ್ತದೆ. ಆ ಬೂಸ್ಟಿನ ಬೀಜ ಮಳೆ ಹನಿಯ ಜೊತೆ ಸಿಡಿದು, ಗಾಳಿಗೆ ತೂರಿ ಪಕ್ಕದ ಅಡಿಕೆಗೊನೆಗೆ ಹೋಗುತ್ತದೆ. ಅಲ್ಲಿಗೆ ಬಂದ ಮೇಲೆ ಏನು ಹೊಡೆದರೂ ಉಳಿದದ್ದನ್ನು ಕಾಯೋದಷ್ಟೇ, ಹೋದದ್ದು ಹೋಯ್ತು. ಸುಳಿಗೆ ಇಳಿದರೆ ಮರವೂ ಹೋಗುತ್ತದೆ. ಔಷಧಿ ತಪ್ಪಿದ ತೋಟದಲ್ಲಿ ಅರ್ಧ ಫಸಲು ನೆಲಕ್ಕೆ ಬೀಳೋದು ಮಲೆನಾಡಿಗೆ ಹೊಸದಲ್ಲ. ಈ ಆಪರೇಷನ್ನಿಗೆ ಸೊಸೈಟಿಯಲ್ಲಿ ಎತ್ತಿದ ಸಾಲ ತೀರಬೇಕಾದ್ದು ಇದೇ ಅಡಿಕೆಯಿಂದ. ಇನ್ನು ಈ ಮಾತು ಬೇಡ.

ಅಜ್ಜ ಇದ್ದಿದ್ರೆ ಅಂತ ನೀನು ಅತ್ತೆ. ನನಗೂ ಇಲ್ಲಿ ರಾತ್ರಿ ಅದೇ ಯೋಚನೆ. ಅಳೋದಕ್ಕಿಂತ, ಅಜ್ಜ-ಅಜ್ಜಿ ಹೇಗೆ ಮಾಡ್ತಿದ್ರೋ ಹಾಗೇ ಬರೆದು ಕಳಿಸ್ತೇನೆ, ನೀನು ಹಾಗೇ ಮಾಡು. ಫ್ರಾನ್ಸಿನಲ್ಲಿ ದ್ರಾಕ್ಷಿ ಕಳ್ಳರನ್ನು ದೂರ ಇಡೋಕೆ ಬಳಿದದ್ದೇ ಈ ಔಷಧಿಯಾದ ಕಥೆ, ಮೈಸೂರು ಸಂಸ್ಥಾನದ ಕೃಷಿ ಇಲಾಖೆಯ ಕೋಲ್ಮನ್ ಸಾಹೇಬರ ಕಥೆ ಎಲ್ಲ ನಿನಗೆ ಬಾಯಿಪಾಠ, ಬಿಡ್ತೇನೆ. ಒಂದೇ ನೆನಪಿರಲಿ: 1910ರ ಸುಮಾರಿಗೆ ಕೋಲ್ಮನ್ ಈ ಔಷಧಿಯನ್ನು ಅಡಿಕೆಗೆ ತರುವ ಮುಂಚೆ ಪ್ರತಿ ಕೊನೆಗೂ ಮಳೆ ತಾಗದ ಹಾಗೆ ಕರಡದ ಹುಲ್ಲಿನ ಕೊಟ್ಟೆ ಕಟ್ಟಬೇಕಿತ್ತು. ಒಂದೊಂದು ಮರ ಹತ್ತಿ, ಒಂದೊಂದು ಕೊನೆಗೆ. ಅದನ್ನು ನೆನೆದರೆ ಡ್ರಮ್ಮಿನಲ್ಲಿ ಕೋಲು ತಿರುಗಿಸೋದು ಕಷ್ಟವೇ ಅಲ್ಲ.

ಮೊದಲು ಲೆಕ್ಕ. 100 ಲೀಟರ್ ನೀರಿಗೆ 1 ಕೆಜಿ ಮೈಲುತುತ್ತ (ತಾಮ್ರದ ಸಲ್ಫೇಟ್), 1 ಕೆಜಿ ಸುಟ್ಟ ಸುಣ್ಣ. ನಮ್ಮ ನೀಲಿ ಡ್ರಮ್ 200 ಲೀಟರಿನದು, ಅದಕ್ಕೆ ಎರಡೆರಡು ಕೆಜಿ. ತೋಟಕ್ಕೆ ಆರು ಡ್ರಮ್ ಹಿಡಿಯುತ್ತದೆ, ಸ್ವಲ್ಪ ಹೆಚ್ಚೇ ತರಿಸು. ತುತ್ತ ಕಡುನೀಲಿ ಹರಳಿರಬೇಕು. ಹಸಿರು ಛಾಯೆ ಹೊಡೆದರೆ ಅದರಲ್ಲಿ ಅನ್ನಭೇದಿ, ಅಂದ್ರೆ ಕಬ್ಬಿಣದ ಸಲ್ಫೇಟ್, ಬೆರೆತಿದೆ, ವಾಪಸ್ ಕೊಡು. ಅಂಗಡಿಯವರು ನಿನ್ನ ಪ್ಯಾಂಟು ನೋಡಿ ಏನಾದ್ರೂ ಕಟ್ಟಿಕೊಡೋಕೆ ನೋಡ್ತಾರೆ, ಚೀಲ ಬಿಚ್ಚಿಸಿ ನೋಡದೆ ದುಡ್ಡು ಕೊಡಬೇಡ.

ಸುಣ್ಣ ಅಜ್ಜಿಯ ಖಾತೆ. ಸುಣ್ಣ ಆಯ್ತು ಅಂತ ಅಜ್ಜಿ ಹೇಳುವವರೆಗೆ ಅಜ್ಜ ಪಂಪಿಗೆ ಕೈ ಹಾಕ್ತಿರಲಿಲ್ಲ. ಅಜ್ಜಿ ಒಂದು ಹೆಂಟೆ ತೆಗೆದು ಮೇಲೆ ನಾಕು ಹನಿ ನೀರು ಬಿಡ್ತಿದ್ರು. ಚುರ್ ಅಂದು ಕಾದು ಒಡೆದರೆ ಜೀವ ಇರುವ ಸುಣ್ಣ. ಸುಮ್ಮನೆ ನೀರು ಹೀರಿ ತಣ್ಣಗೆ ಕೂತರೆ ಗಾಳಿ ತಿಂದು ಸತ್ತದ್ದು. ಸತ್ತ ಸುಣ್ಣಕ್ಕೆ ತುತ್ತದ ಹುಳಿ ಮುರಿಯುವ ಶಕ್ತಿ ಇಲ್ಲ, ಆ ಔಷಧಿ ಬಿದ್ದ ಮಿಡಿ ಸುಟ್ಟು ಉದುರುತ್ತದೆ. ಕೊಳೆಯಿಂದ ಉಳಿಸೋಕೆ ಹೋಗಿ ನಾವೇ ಕೊಂದ ಹಾಗೆ. ಹೆಂಟೆ ಸಿಗದೆ ಪ್ಯಾಕೆಟ್ಟಿನ ಪುಡಿಸುಣ್ಣವೇ ಗತಿ ಅಂದ್ರೆ ಕೆಜಿಗೆ 300 ಗ್ರಾಂ ಜಾಸ್ತಿ ಹಿಡಿ, ಅದು ಆಗಲೇ ನೀರು ಕುಡಿದದ್ದು.

ಹಿಂದಿನ ಸಂಜೆಯೇ ಎರಡು ಕೆಜಿ ಹೆಂಟೆಯನ್ನು ಕಬ್ಬಿಣದ ಬಾನಿಗೆ ಹಾಕಿ ಸ್ವಲ್ಪ ಸ್ವಲ್ಪವೇ ನೀರು ಬಿಡು. ಪ್ಲಾಸ್ಟಿಕ್ ಬಕೆಟ್ ಬೇಡ, ಆ ಕಾವಿಗೆ ಮೆತ್ತಗಾಗುತ್ತದೆ. ಕುದಿಯುವಾಗ ಮುಚ್ಚಬೇಡ, ಮುಖ ಬಗ್ಗಿಸಬೇಡ, ಕನ್ನಡಕ ಹಾಕ್ಕೋ. ಕೈಗೆ ಮೊದಲೇ ಕೊಬ್ಬರಿ ಎಣ್ಣೆ ಸವರಿಕೋ, ಅಜ್ಜಿ ಹಾಗೇ ಮಾಡ್ತಿದ್ದದ್ದು, ಮೇಲಿಂದ ಗ್ಲೌಸ್ ಇರಲಿ. ಕಣ್ಣಿಗೆ ಸಿಡಿದರೆ ಉಜ್ಜದೆ ನಲ್ಲಿ ಕೆಳಗೆ ಕಾಲುಗಂಟೆಗೆ ಕಡಿಮೆ ಇಲ್ಲದಂತೆ ತೊಳೆದು ಸೀದಾ ಡಾಕ್ಟರ ಹತ್ತಿರ ಹೋಗು. ಬೆಳಿಗ್ಗೆ ಸುಣ್ಣ ಪೂರ್ತಿ ತಣಿದಿರುತ್ತದೆ. ತಣಿದೇ ಇರಬೇಕು. ಬಿಸಿಯಲ್ಲಿ ಬೆರೆಸಿದರೆ ಔಷಧಿ ಒರಟಾಗಿ ನಾಜಲ್ ಕಟ್ಟುತ್ತದೆ. ಹಳೇ ಕಾಟನ್ ಸೀರೆಯನ್ನು ಎರಡು ಮಡಿಕೆ ಮಾಡಿ ಡ್ರಮ್ಮಿನ ಬಾಯಿಗೆ ಕಟ್ಟಿ ಸೋಸು, 100 ಲೀಟರಿನ ಗುರುತಿಗೆ ನೀರು ತುಂಬು. ಸೀರೆ ಅಟ್ಟದ ಮೇಲಿನ ಟ್ರಂಕಿನಲ್ಲಿದೆ. ಅಜ್ಜಿಯದೇ, ಹಸಿರು ಅಂಚಿನದು. ಅದನ್ನು ತೆಗೆದಿಟ್ಟದ್ದೇ ಇದಕ್ಕೆ, ಹಿಂಜರಿಯಬೇಡ.

ತುತ್ತವನ್ನು ಇನ್ನೊಂದು ಪ್ಲಾಸ್ಟಿಕ್ ಡ್ರಮ್ಮಿನಲ್ಲಿ 100 ಲೀಟರ್ ನೀರಿಗೆ. ಕಬ್ಬಿಣ ಮುಟ್ಟಿಸಬೇಡ, ತಾಮ್ರವೆಲ್ಲ ಕಬ್ಬಿಣಕ್ಕೆ ಅಂಟಿ ಪಾತ್ರೆಯೂ ತೂತು, ಔಷಧಿಯೂ ದಂಡ. ಹರಳನ್ನು ತಳಕ್ಕೆ ಸುರಿದರೆ ಬೆಳಿಗ್ಗೆವರೆಗೂ ಅಲ್ಲೇ ಕೂತಿರುತ್ತದೆ. ಬಟ್ಟೆಯಲ್ಲಿ ಕಟ್ಟಿ, ಗಂಟು ನೀರಿನ ಮೇಲ್ಭಾಗದಲ್ಲೇ ಮುಳುಗಿರುವಂತೆ ಅಡ್ಡಕೋಲಿಗೆ ತೂಗುಬಿಡು. ಕರಗಿದ್ದು ಭಾರವಾಗಿ ಕೆಳಗಿಳಿಯುತ್ತದೆ, ತಿಳಿನೀರು ಮೇಲೆ ಬರುತ್ತದೆ, ರಾತ್ರಿಯಿಡೀ ತಾನಾಗೇ ಕೆಲಸ ನಡೀತದೆ.

ಬೆರೆಸುವ ಕ್ರಮ: ಸುಣ್ಣದ ನೀರಿಗೆ ತುತ್ತದ ನೀರು. ತುತ್ತಕ್ಕೆ ಸುಣ್ಣ ಅಲ್ಲ. ಒಬ್ಬರು ಮಗ್ಗಿನಿಂದ ನಿಧಾನ ಸುರೀಲಿ, ಒಬ್ಬರು ಮರದ ಕೋಲಿನಲ್ಲಿ ತಿರುಗಿಸ್ತಾ ಇರಲಿ. ಆಕಾಶನೀಲಿ, ಮೊಸರಿನ ಹಾಗೆ ನುಣ್ಣಗೆ ಬರಬೇಕು.

ಈಗ ಕತ್ತಿ. ಇದನ್ನು ಎರಡು ಸಲ ಓದು. ಅಜ್ಜನ ಹಳೇ ಕತ್ತಿ ಬಚ್ಚಲ ಗೋಡೆಯ ಗೂಟದಲ್ಲಿದೆ. ಅಡುಗೆಮನೆಯ ಸ್ಟೀಲ್ ಚಾಕು ಆಗೋದಿಲ್ಲ, ಅದರ ಮೇಲೆ ತಾಮ್ರ ಸರಿಯಾಗಿ ಕೂರೋದಿಲ್ಲ, ಮೋಸ ಹೋಗ್ತೀಯ. ಬರೀ ಕಬ್ಬಿಣ ಬೇಕು. ಬೂದಿ ಹಾಕಿ ತೆಂಗಿನ ನಾರಿನಿಂದ ಹೊಳೆಯುವವರೆಗೆ ಉಜ್ಜು, ಒರೆಸು, ಬೆರೆತ ಔಷಧಿಯಲ್ಲಿ ಅದ್ದಿ ಒಂದು ನಿಮಿಷ ಹಿಡಿ. ಪೂರ್ತಿ ಒಂದು ನಿಮಿಷ. ತೆಗೆದು ಬೆಳಕಿಗೆ ಓರೆ ಹಿಡಿದು ನೋಡು. ಕಬ್ಬಿಣ ಕಬ್ಬಿಣದ ಬಣ್ಣದಲ್ಲೇ ಇದ್ದರೆ ಹೊಡೆಯಬಹುದು. ಅಲಗಿನ ಮೇಲೆ ಕೆಂಪು ಪೊರೆ ಕಂಡರೆ ತುತ್ತ ಇನ್ನೂ ಮುರಿದಿಲ್ಲ. ಕದಡಿದ ಸುಣ್ಣದ ನೀರು ಅರ್ಧ ಲೀಟರ್ ಸೇರಿಸು, ತಿರುಗಿಸು, ಕತ್ತಿ ಮತ್ತೆ ಉಜ್ಜು, ಮತ್ತೆ ಅದ್ದು. ಇದಕ್ಕೇ ಸ್ವಲ್ಪ ಸುಣ್ಣದ ನೀರು ಬೇರೆ ತೆಗೆದಿಟ್ಟಿರು.

ಅಜ್ಜ ಇದನ್ನು ಪ್ರತಿ ಡ್ರಮ್ಮಿಗೂ ಮಾಡ್ತಿದ್ರು. ಬೆಳಿಗ್ಗಿನ ಮೊದಲ ಡ್ರಮ್ಮಿಗೆ ಮಾತ್ರ ಅಲ್ಲ, ಅದೇ ಚೀಲದ ಸುಣ್ಣ, ಅದೇ ತೂಕ ಆದರೂ. ಕೊನೆಗಾರರು ಮರ ಹತ್ತುವ ತಳೆ ಹಿಡಿದು ನಿಂತಿರ್ತಿದ್ರು, ಮೋಡ ಏರ್ತಿತ್ತು, ಎಲ್ಲರಿಗೂ ಅವಸರ. ಅಜ್ಜ ಮಾತ್ರ ಕತ್ತಿ ಅದ್ದಿ ತಲೆ ಬಗ್ಗಿಸಿ ನಿಂತರೆ ಯಾರ ಮಾತಿಗೂ ಓಗೊಡ್ತಿರಲಿಲ್ಲ. ಹೆಂಟೆಯಿಂದ ಹೆಂಟೆಗೆ ಸುಣ್ಣದ ಗುಣ ಬೇರೆ, ಅದಕ್ಕೆ. ನಿನಗೂ ಅವಸರ ಮಾಡ್ತಾರೆ. "ಸರಿ ಇದ್ದು ತಂಗಿ, ಬಣ್ಣ ಕಂಡ್ರೇ ಗೊತ್ತಾಗ್ತು" ಅಂತಾರೆ. ಬಣ್ಣ ನೋಡಿದರೆ ಗೊತ್ತಾಗೋದಿಲ್ಲ. ತೋಟಗಾರಿಕೆ ಇಲಾಖೆಯವರು ಹೇಳುವ ಪಿಎಚ್ ಕಾಗದವೂ ಒಳ್ಳೇದೇ, ಏಳಕ್ಕಿಂತ ಕೆಳಗೆ ತೋರಿಸಬಾರದು. ಆದರೆ ಒದ್ದೆ ಕೈಯಲ್ಲಿ ಕಾಗದದ ಡಬ್ಬಿ ಹಾಳಾಗುತ್ತದೆ, ಕತ್ತಿ ಹಾಳಾಗೋದಿಲ್ಲ. ನಿಮಿಷ ಎಣಿಸೋಕೆ ಮೊಬೈಲ್ ಇದೆಯಲ್ಲ, ಇಟ್ಕೋ. ನಿನಗೆ ತಾಳ್ಮೆ ಕಡಿಮೆ ಅಂತ ಹೇಳ್ತಿಲ್ಲ. ಸರಿ, ಹೇಳ್ತಿದ್ದೇನೆ. ಅಪ್ಪನಿಗೂ ಕಡಿಮೆಯೇ. ಅಜ್ಜನ ಜೊತೆ ಅವರು ಜಗಳ ಆಡ್ತಿದ್ದದ್ದೂ ಈ ಒಂದು ನಿಮಿಷಕ್ಕೇ. ಈಗ ಆಸ್ಪತ್ರೆ ಮಂಚದ ಮೇಲಿಂದ "ಕತ್ತಿ ನೋಡ್ಲಿಕ್ಕೆ ಹೇಳು" ಅಂತ ಮೂರು ಸಲ ಹೇಳಿ ಆಯ್ತು.

ಔಷಧಿ ಕಾಯಿಗೆ ಹಿಡಿಯುವ ಅಂಟನ್ನು ಎಲ್ಲ ಆದ ಮೇಲೆ ಡ್ರಮ್ಮಿಗೆ ಸೇರಿಸೋದು. ಅಜ್ಜ ರಾಳವನ್ನು ವಾಷಿಂಗ್ ಸೋಡದ ಜೊತೆ ಕುದಿಸಿ ಮಾಡ್ತಿದ್ರು, ನೀನು ಆ ಗೊಡವೆಗೆ ಹೋಗಬೇಡ. ಪ್ಯಾಕೆಟ್ ತಗೋ, ಮೇಲೆ ಬರೆದಷ್ಟೇ ಹಾಕು. ಬೆರೆಸಿದ್ದನ್ನು ಅವತ್ತೇ ಮುಗಿಸಬೇಕು. ರಾತ್ರಿ ಕಳೆದರೆ ಕಣ ದಪ್ಪವಾಗಿ ತಳ ಸೇರುತ್ತದೆ, ಕಾಯಿಗೆ ಹಿಡಿಯೋದಿಲ್ಲ. ಹಾಗಾಗಿ ಮೋಡ ನೋಡಿ ಒಂದೊಂದೇ ಡ್ರಮ್ ಕದಡು. ಉಳಿದದ್ದನ್ನು ಹಳ್ಳಕ್ಕಾಗಲಿ ಬಾವಿ ದಿಕ್ಕಿಗಾಗಲಿ ಚೆಲ್ಲಬೇಡ, ತಾಮ್ರಕ್ಕೆ ಮೀನು ಸಾಯುತ್ತವೆ. ಔಷಧಿ ಬಿದ್ದ ಜಾಗದ ಹುಲ್ಲನ್ನು ಕೊಟ್ಟಿಗೆಗೆ ತರಬೇಡ ಅಂತ ಹುಲ್ಲು ಕೊಯ್ಯುವವಳಿಗೆ ಮೊದಲೇ ಹೇಳು.

ಹೊಡೆಯುವಾಗ ಕೊನೆ ಪೂರ್ತಿ ನೆನೆಯಬೇಕು. ಕೊಳೆ ಹಿಡಿಯೋದು ನೀರು ನಿಲ್ಲುವ ತೊಟ್ಟಿನ ಹತ್ತಿರ. ಮೇಲೆ ಹತ್ತಿದವರಿಗೆ ಅದು ಸುಲಭ. ಉದ್ದ ಕೋಲಿನ ದೋಟಿಯಲ್ಲಾದರೆ ಕೆಳಗಿಂದ ಕೊನೆಯ ಹೊಟ್ಟೆಯಷ್ಟೇ ನೆನೆದು ಬೆನ್ನು ಒಣಗಿ ಉಳಿಯುತ್ತದೆ, ಪ್ರತಿ ಮರಕ್ಕೂ ಎರಡು ಕಡೆಯಿಂದ ಹೊಡೆಸು. ಅರಳಿದ ಸಿಂಗಾರದ ಹೂವಿಗೆ ಬೀಳಿಸಬೇಡಿ. ಕಾರ್ಬನ್ ದೋಟಿಯಲ್ಲಿ ಕರೆಂಟು ಹರಿಯುತ್ತದೆ, ಇದು ನೆನಪಿರಲಿ. ಮೇಲಿನ ತೋಟದಲ್ಲಿ ಲೈನ್ ಹಾದುಹೋದ ಸಾಲಿಗೆ ದೋಟಿ ಎತ್ತುವ ಮುಂಚೆ ಲೈನ್‌ಮನ್‌ಗೆ ಫೋನ್ ಮಾಡಿ ಆಫ್ ಮಾಡಿಸು. ಆಗಲಿಲ್ಲವಾ, ಆ ಸಾಲು ಬಿಟ್ಟುಬಿಡು. ಹತ್ತು ಮರದ ಅಡಿಕೆ ನನಗೆ ಬೇಡ.

ಹತ್ತುವವರು ಮರ ಜಾರ್ತದೆ ಅಂದರೆ ಅಲ್ಲಿಗೆ ಮುಗೀತು, ಚೌಕಾಶಿ ಮಾಡಬೇಡ. ಅಜ್ಜ ಕಾಂಡ ಅಂಗೈಯಲ್ಲಿ ಸವರಿ ಪಾಚಿ ಹಸಿ ಇದ್ದರೆ ಅವರಿಗಿಂತ ಮೊದಲು ತಾವೇ ಬೇಡ ಅಂತಿದ್ರು, ಅರ್ಧ ದಿನದ ಕೂಲಿ ಕೊಟ್ಟು ಕಳಿಸ್ತಿದ್ರು. ನೀನೂ ಕೊಡು. ನೀನಂತೂ ತಮಾಷೆಗೂ ಮರಕ್ಕೆ ಕಾಲು ಹಚ್ಚಬಾರದು. ಒಬ್ಬರು ಆಸ್ಪತ್ರೆಯಲ್ಲಿರೋದು ಸಾಕು.

ಬಸಿಗಾಲುವೆ ಹೂಳು ತೆಗೆಸಿ ಆಗಿದೆ, ಕೆಳಗಿನ ತುದಿ ಮಾತ್ರ ಬಾಕಿ, ಅಲ್ಲಿ ನೀರು ನಿಂತರೆ ಬೇರು ಕೊಳೆಯುತ್ತದೆ. ಹೋದ ವರ್ಷದ ಒಣಕೊನೆ ಮರದಲ್ಲೇ ಇದ್ದರೆ ಔಷಧಿಗೆ ಮೊದಲು ಇಳಿಸಿಬಿಡಲಿ. ಆಮೇಲೆ ಉದುರಿದ ಕಾಯಿ ಕಂಡರೆ ಹೆಕ್ಕಿ ತೋಟದ ಹೊರಗೆ ಸುಡಿಸು. ಕಾಲುವೆಗೆ ಎಸೆಯೋದು ಎಲ್ಲರ ಚಾಳಿ, ಅದರಿಂದ ಇಡೀ ತೋಟಕ್ಕೆ ರೋಗ ಹಂಚಿದ ಹಾಗಾಗುತ್ತದೆ.

ಆಳುಗಳಿಗೆ ಹತ್ತು ಗಂಟೆಗೆ ಬೆಲ್ಲ-ನೀರು, ಊಟಕ್ಕೆ ಒಂದೆಲಗದ ತಂಬುಳಿ ಅಜ್ಜಿ ತಪ್ಪಿಸಿದ್ದಿಲ್ಲ. ಒಂದು ಹಿಡಿ ಎಲೆ, ಅರ್ಧ ಚಮಚ ಜೀರಿಗೆ, ನಾಕು ಕಾಳುಮೆಣಸು ತುಪ್ಪದಲ್ಲಿ ಬಾಡಿಸಿ, ಅರ್ಧ ಕಪ್ ಕಾಯಿತುರಿ ಜೊತೆ ನುಣ್ಣಗೆ ಬೀಸಿ ಮಜ್ಜಿಗೆಗೆ ಹಾಕು. ಕುದಿಸಬೇಡ, ಒಡೆಯುತ್ತದೆ. ಊಟಕ್ಕೆ ಮುಂಚೆ ಎಲ್ಲರೂ ಸೋಪು ಹಾಕಿ ಕೈ-ಮುಖ ತೊಳೀಲಿ. ಔಷಧಿ ಕೈಯಲ್ಲಿ ಕವಳ, ಬೀಡಿ ಬೇಡ ಅಂತ ನೀನು ಹೇಳಿದರೆ ನಗ್ತಾರೆ, ನಕ್ಕರೂ ಹೇಳು.

ನಿನಗೆ ಇಷ್ಟೆಲ್ಲ ಹೊರಿಸೋದು ನನಗೂ ಸಂಕಟವೇ. ಓದು, ಕೆಲಸ ಅಂತ ನಿನ್ನನ್ನು ತೋಟದಿಂದ ದೂರ ಇಟ್ಟವರು ನಾವೇ, ಈಗ ಏಕಾಏಕಿ ಡ್ರಮ್ಮಿನ ಮುಂದೆ ನಿಲ್ಲಿಸ್ತಿದ್ದೇವೆ. ತಮ್ಮನಿಗೆ ಪರೀಕ್ಷೆ, ಅವನನ್ನು ಎಳೆಯಬೇಡ. ಗುರುವಾರ ಮಾತ್ರ ನೀನು ಕೆಲಸಕ್ಕೆ ಯಾರನ್ನೂ ಕರೀಬೇಡ. ಥಿಯೇಟರ್ ಒಳಗೆ ಕರ್ಕೊಂಡು ಹೋದ ಕೂಡಲೇ ಫೋನ್ ಮಾಡ್ತೇನೆ, ಹೊರಗೆ ತಂದ ಮೇಲೆ ಮತ್ತೆ ಮಾಡ್ತೇನೆ, ನಡುವೆ ನೀನು ಮಾಡಬೇಡ, ನನಗೆ ಮಾತಾಡೋಕೆ ಆಗಲಿಕ್ಕಿಲ್ಲ.

ಔಷಧಿ ಮುಗಿದ ದಿನ ಕ್ಯಾಲೆಂಡರಿನಲ್ಲಿ ಗುರುತು ಹಾಕಿ ಅಲ್ಲಿಂದ 40 ದಿನ ಎಣಿಸು. ಎರಡನೇ ಔಷಧಿ ಆಗ, ಮಳೆ ಬಿಡುವು ಕೊಟ್ಟರೆ 45ರ ಒಳಗೆ. ಅಪ್ಪ ಮೂರು ತಿಂಗಳು ಭಾರ ಎತ್ತುವ ಹಾಗಿಲ್ಲ ಅಂದಿದ್ದಾರೆ ಡಾಕ್ಟರು, ಹಾಗಾಗಿ ಅದೂ ನಿನ್ನ ಪಾಲಿಗೇ. ಜುಲೈಯ ರಜೆ ಈಗಲೇ ಕೇಳಿಟ್ಕೋ.

ನಿನ್ನ ಅಮ್ಮ