ಬೇಡ ಅಂದಷ್ಟೂ ಬರುವ ಟಪಾಲು

ಮಾನ್ಯ ಸಂಪಾದಕರೇ,

ನಾನು ತೀರ್ಥಹಳ್ಳಿ ತಾಲ್ಲೂಕಿನ ಹಳ್ಳಿಯೊಂದರಲ್ಲಿ 31 ವರ್ಷ ಬ್ರಾಂಚ್ ಪೋಸ್ಟ್ ಮಾಸ್ಟರ್ ಆಗಿದ್ದವನು. ನಮ್ಮ ಮನೆ ಜಗುಲಿಯೇ ಪೋಸ್ಟ್ ಆಫೀಸು. ಹಾಗಾಗಿ ಬೇಡದ ಟಪಾಲು ನನಗೆ ಹೊಸದಲ್ಲ. ‘ಇದನ್ನು ಹನ್ನೊಂದು ಜನಕ್ಕೆ ಬರೆದು ಕಳಿಸಿ, ಇಲ್ಲದಿದ್ದರೆ ಕೇಡು ತಪ್ಪದು’ ಎಂದು ದೇವರ ಹೆಸರಿನಲ್ಲಿ ಹೆದರಿಸುವ ಕಾರ್ಡುಗಳನ್ನು ಲೆಕ್ಕವಿಲ್ಲದಷ್ಟು ಹಂಚಿದ್ದೇನೆ. ಆದರೆ ಹೆದರಿಸುವವನೂ ಆಗ ಒಂದೊಂದು ಕಾರ್ಡಿಗೆ 15 ಪೈಸೆ ಕೊಡಬೇಕಿತ್ತು, ಕೈ ನೋಯುವಷ್ಟು ಬರೆಯಬೇಕಿತ್ತು. ಸ್ಟಾಂಪ್ ಇಲ್ಲದೆ ಬಂದ ಬೇರಿಂಗ್ ಪತ್ರಕ್ಕೆ ಪಡೆಯುವವರು ದುಪ್ಪಟ್ಟು ತೆರಬೇಕು. ಬೇಡ ಅಂದರೆ ‘ರೆಫ್ಯೂಸ್ಡ್’ ಎಂದು ಬರೆದು, ತಾರೀಖು ಹಾಕಿ ವಾಪಸ್ ಕಳಿಸಿದರಾಯಿತು. ಅಲ್ಲಿಗೆ ಕಥೆ ಮುಗಿಯಿತು.

ಇಮೇಲಿನಲ್ಲಿ ಕಥೆ ಶುರುವಾಗುವುದೇ ಅಲ್ಲಿ.

ಕಳೆದ ಮಳೆಗಾಲದಲ್ಲಿ ಮೂರು ದಿನ ಕರೆಂಟ್ ಇರಲಿಲ್ಲ. ನಾಲ್ಕನೇ ದಿನ ಕೊಟ್ಟಿಗೆ ಪಕ್ಕ, ನಮ್ಮಲ್ಲಿ ಸಿಗ್ನಲ್ ಸಿಗುವ ಒಂದೇ ಜಾಗದಲ್ಲಿ ನಿಂತು ಫೋನ್ ನೋಡಿದೆ. ನೂರಕ್ಕೂ ಜಾಸ್ತಿ ಮೇಲ್ ಬಂದಿದ್ದವು. ಅರ್ಜಿ ಹಾಕದ ಸಾಲ ಮಂಜೂರಾಗಿತ್ತು. ಟಿಕೆಟ್ ಕೊಳ್ಳದ ಲಾಟರಿ ಹೊಡೆದಿತ್ತು. ಕೂದಲು ದಟ್ಟವಾಗುವ ಎಣ್ಣೆಗೆ ಅರ್ಧ ಬೆಲೆ (ನನ್ನ ತಲೆ ನೋಡಿದವರು ನಗುತ್ತಾರೆ). ಸಿಟ್ಟು ಬಂತು. ಒಂದೊಂದನ್ನೇ ತೆರೆದು, ಕೊನೆಗೆ ಇರುವೆ ಸಾಲಿನ ಹಾಗೆ ಸಣ್ಣ ಇಂಗ್ಲಿಷಿನಲ್ಲಿದ್ದ ಅನ್‌ಸಬ್‌ಸ್ಕ್ರೈಬ್, ಅಂದರೆ ‘ಇನ್ನು ಕಳಿಸಬೇಡಿ’ ಎಂಬ ಲಿಂಕ್ ಹುಡುಕಿ ಒತ್ತುತ್ತಾ ಹೋದೆ. ಒಂದು ಮಧ್ಯಾಹ್ನ ಪೂರ್ತಿ ಅದೇ ಕೆಲಸ. ಮೂರು ವಾರ ಕಳೆಯುವಷ್ಟರಲ್ಲಿ ಬೇಡದ ಮೇಲ್ ಎರಡರಷ್ಟಾಯಿತು.

ಬೆಂಗಳೂರಿನಲ್ಲಿರುವ ಮಗಳು ಕೇಳಿ ತಲೆ ಚಚ್ಚಿಕೊಂಡಳು. ಈ ಕಳ್ಳರು ಎಷ್ಟೋ ವಿಳಾಸಗಳನ್ನು ಸುಮ್ನೆ ಊಹೆಯ ಮೇಲೆ ಕಟ್ಟಿ ಕಳಿಸುತ್ತಾರಂತೆ. ಯಾವುದು ನಿಜ, ಯಾವುದು ಸುಳ್ಳು ಅವರಿಗೂ ಗೊತ್ತಿಲ್ಲ. ಪ್ರತಿ ಮೇಲ್‌ನ ಲಿಂಕಿಗೂ ಒಂದು ಗುರುತು ಅಂಟಿಸಿರುತ್ತಾರೆ. ನಾವು ಒತ್ತಿದ ಕೂಡಲೇ ‘ಈ ವಿಳಾಸದಲ್ಲಿ ಜನ ಇದ್ದಾರೆ, ಮೇಲ್ ಓದುತ್ತಾರೆ’ ಎಂದು ತಿಳಿದುಹೋಗುತ್ತದೆ. ಅಂಥ ವಿಳಾಸ ಬೇರೆಯವರಿಗೂ ಮಾರಾಟವಾಗುತ್ತದೆ. ಉಣಗೋಲಿನ ಹೊರಗೆ ನಿಂತು ಕೂಗುವವನಿಗೆ ‘ಮನೇಲಿ ಯಾರೂ ಇಲ್ಲ’ ಎಂದು ಒಳಗಿನಿಂದಲೇ ಉತ್ತರ ಕೊಟ್ಟ ಹಾಗಾಯಿತು ನನ್ನ ಕೆಲಸ. ಕೆಲವು ಮೇಲ್‌ಗಳಲ್ಲಿ ಕಣ್ಣಿಗೆ ಕಾಣದಷ್ಟು ಚಿಕ್ಕ ಚಿತ್ರ ಇಟ್ಟಿರುತ್ತಾರಂತೆ. ಅದು ಲೋಡ್ ಆದರೆ ನಾವು ಮೇಲ್ ತೆರೆದದ್ದೂ ಅವರಿಗೆ ಗೊತ್ತು. ಮಗಳು ನನ್ನ ಜಿಮೇಲಿನ ಸೆಟ್ಟಿಂಗ್ಸಿಗೆ ಹೋಗಿ, ಹೊರಗಿನ ಚಿತ್ರ ತೋರಿಸುವ ಮೊದಲು ನನ್ನನ್ನು ಕೇಳುವಂತೆ ಮಾಡಿಕೊಟ್ಟಳು.

ನನ್ನದು ಬರೀ ಕಿರಿಕಿರಿ. ಪಕ್ಕದ ತೋಟದವರದ್ದು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿತ್ತು. ಅವರು ಅನ್‌ಸಬ್‌ಸ್ಕ್ರೈಬ್ ಒತ್ತಿದಾಗ ಒಂದು ಪುಟ ತೆರೆದು, ‘ಖಚಿತಪಡಿಸಲು ಪಾಸ್‌ವರ್ಡ್ ಹಾಕಿ’ ಅಂದಿತು. ಹಾಕಿಬಿಟ್ಟರು. ಪುಣ್ಯಕ್ಕೆ ಅವತ್ತೇ ಸಂಜೆ ನಮ್ಮ ಜಗುಲಿಗೆ ಕಾಫಿಗೆ ಬಂದವರು ಮಾತಿಗೆ ಹೇಳಿದರು. ಕೂಡಲೇ ಪಾಸ್‌ವರ್ಡ್ ಬದಲಾಯಿಸಿದೆವು. ಮೇಲ್ ಬೇಡ ಅನ್ನುವುದಕ್ಕೆ ಪಾಸ್‌ವರ್ಡ್ ಯಾಕೆ ಬೇಕು ಮಾರಾಯ್ರೇ? ಓಟಿಪಿ ಯಾಕೆ, ಆಧಾರ್ ಯಾಕೆ? ಕೇಳಿದರೆ ಅದು ಮೋಸ ಎಂದೇ ತಿಳಿದು ಪುಟ ಮುಚ್ಚಬೇಕು. ದುಡ್ಡು ಹೋಗಿದ್ದರೆ ಮಾತ್ರ ಮಕ್ಕಳಿಗೆ ಹೇಳುವುದೋ ಬೇಡವೋ ಎಂದು ಯೋಚಿಸುತ್ತಾ ಕೂರದೆ ಮೊದಲು ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಬೇಕು.

ಈಗ ನಾನು ಮಾಡುವುದಿಷ್ಟು. ನಾನೇ ಯಾವತ್ತೋ ವಿಳಾಸ ಕೊಟ್ಟ ಬ್ಯಾಂಕು, ಬಟ್ಟೆ ಅಂಗಡಿ, ಬಸ್ ಟಿಕೆಟ್‌ನವರು ಇಂಥವರ ಮೇಲ್ ಸಾಕು ಅನಿಸಿದರೆ ಅನ್‌ಸಬ್‌ಸ್ಕ್ರೈಬ್ ಮಾಡುತ್ತೇನೆ. ಅದೂ ಮೇಲ್‌ನ ಒಳಗಿನದ್ದನ್ನಲ್ಲ. ಕಳಿಸಿದವರ ಹೆಸರಿನ ಹತ್ತಿರ ಜಿಮೇಲ್ ತಾನೇ ತೋರಿಸುವುದನ್ನು ಒತ್ತುತ್ತೇನೆ. ಜಿಮೇಲ್ ವಿಳಾಸಗಳಿಗೆ ದಿನಕ್ಕೆ 5000ಕ್ಕಿಂತ ಹೆಚ್ಚು ಮೇಲ್ ಕಳಿಸುವವರು ತಮ್ಮ ಪ್ರಚಾರದ ಮೇಲ್‌ಗಳಿಂದ ಒಂದೇ ಒತ್ತಿಗೆ ಬಿಡುಗಡೆ ಕೊಡಬೇಕು, ಎರಡು ದಿನದೊಳಗೆ ನಿಲ್ಲಿಸಬೇಕು ಎಂಬ ನಿಯಮವನ್ನು ಗೂಗಲ್ 2024ರಲ್ಲಿ ಜಾರಿಗೆ ತಂದಿದೆ. ಗುರುತು ಪರಿಚಯ ಇಲ್ಲದವರ ಮೇಲ್ ಆದರೆ ತೆರೆಯುವುದೇ ಇಲ್ಲ. ಪಟ್ಟಿಯಲ್ಲೇ ಬೆರಳಿಟ್ಟು ಹಿಡಿದು ರಿಪೋರ್ಟ್ ಸ್ಪ್ಯಾಮ್, ಅಂದರೆ ‘ಇದು ಬೇಡದ ಮೇಲ್’ ಎಂಬ ದೂರು ಕೊಡುತ್ತೇನೆ. ಅಪ್ಪಿತಪ್ಪಿಯೂ ಉತ್ತರ ಬರೆಯುವುದಿಲ್ಲ, ಬೈದೂ ಬರೆಯುವುದಿಲ್ಲ.

ಇಲ್ಲೂ ಒಂದು ಎಡವಟ್ಟು ಮಾಡಿಕೊಂಡೆ. ಹೊಸ ಹುರುಪಿನಲ್ಲಿ ಕಂಡದ್ದಕ್ಕೆಲ್ಲ ಸ್ಪ್ಯಾಮ್ ಒತ್ತಿದೆ. ದಿನಾ ಬೆಳಿಗ್ಗೆ ರಾಶಿ, ಬೆಟ್ಟೆ, ಗೊರಬಲು ಅಡಿಕೆ ರೇಟು ಹೊತ್ತು ತರುತ್ತಿದ್ದ ಮೇಲ್ ಕೂಡ ಅದರಲ್ಲಿ ಸೇರಿಹೋಯಿತು. ‘ರೇಟೇ ಕಳಿಸುತ್ತಿಲ್ಲ’ ಎಂದು ಅವರನ್ನು ಬೈದುಕೊಂಡು ಎರಡು ಮೂಟೆ ರಾಶಿ ಅಡಿಕೆಯನ್ನು ಸಿಕ್ಕ ರೇಟಿಗೆ ಕೊಟ್ಟೂ ಆಯಿತು. ಆಮೇಲೆ ನೋಡಿದರೆ ಎಲ್ಲವೂ ಸ್ಪ್ಯಾಮ್ ಪೆಟ್ಟಿಗೆಯಲ್ಲಿ ಕೂತಿವೆ. 30 ದಿನ ಕಳೆದರೆ ಅಲ್ಲಿಂದಲೂ ತಾನಾಗಿ ಅಳಿಸಿಹೋಗುತ್ತದೆ. ಈಗ ವಾರಕ್ಕೊಮ್ಮೆ ಆ ಪೆಟ್ಟಿಗೆ ಇಣುಕುತ್ತೇನೆ, ಹಿಂದೆ ಟಪಾಲು ಚೀಲ ಕೊಡವಿ ನೋಡುತ್ತಿದ್ದ ಹಾಗೆ.

ವಿಳಾಸ ಸೋರುವುದು ಎಲ್ಲಿಂದ? ಮಗಳು ಒಂದು ಉಪಾಯ ಹೇಳಿಕೊಟ್ಟಳು. ಜಿಮೇಲ್ ವಿಳಾಸದಲ್ಲಿ ನಮ್ಮ ಹೆಸರಾದ ಮೇಲೆ ಒಂದು ಪ್ಲಸ್ ಗುರುತು ಹಾಕಿ ಯಾವ ಪದ ಸೇರಿಸಿದರೂ ಮೇಲ್ ನಮಗೇ ಬರುತ್ತದೆ. ಶಿವಮೊಗ್ಗದ ಅಂಗಡಿಯೊಂದರಲ್ಲಿ ಮಿಕ್ಸಿ ಕೊಂಡಾಗ ಬಿಲ್ಲಿಗೆ ಇಮೇಲ್ ಕೇಳಿದರು. ಹೆಸರು, ಪ್ಲಸ್, ಮಿಕ್ಸಿ ಎಂದು ಬರೆಸಿದೆ. ‘ಇಮೇಲಲ್ಲಿ ಪ್ಲಸ್ ಬರುತ್ತಾ ಸಾರ್?’ ಎಂದು ಹುಡುಗ ಅನುಮಾನದಿಂದಲೇ ಟೈಪ್ ಮಾಡಿದ. ಎರಡು ತಿಂಗಳಿಗೆ ಮನೆ ಸಾಲದ ಮೇಲ್ ಬಂತು, ಅದೇ ಮಿಕ್ಸಿ ಸೇರಿದ ವಿಳಾಸಕ್ಕೆ! ಆ ವಿಳಾಸ ನಾನು ಬೇರೆ ಯಾರಿಗೂ ಕೊಟ್ಟಿರಲಿಲ್ಲ. ಹೋಗಿ ಕೇಳಿದರೆ, ‘ಅದು ಸಿಸ್ಟಮ್ಮಲ್ಲಿ ಇರುತ್ತೆ ಸಾರ್, ನಮಗೇನೂ ಗೊತ್ತಿಲ್ಲ’ ಎಂಬ ಉತ್ತರ. ಬಿಲ್ಲು ಕಾಗದದಲ್ಲೇ ಕೊಡಿ ಎಂದು ಮೊದಲೇ ಹೇಳಬೇಕಿತ್ತು.

ಬೇಡದ ಕರೆ, ಎಸ್ಸೆಮ್ಮೆಸ್ ತಡೆಯಲು 1909 ಇದೆ. ಇಮೇಲಿಗೆ ಅಂಥ ನಂಬರ್ ಇಲ್ಲ. ಆದರೆ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯಲ್ಲಿ ಎರಡು ಒಳ್ಳೆಯ ಮಾತಿದೆ. ಒಪ್ಪಿಗೆ ಕೊಟ್ಟಷ್ಟೇ ಸುಲಭವಾಗಿ ಅದನ್ನು ವಾಪಸ್ ಪಡೆಯುವಂತಿರಬೇಕು. ಒಪ್ಪಿಗೆ ಕೇಳುವಾಗ ಇಂಗ್ಲಿಷಿನಲ್ಲಿ ಅಥವಾ ಸಂವಿಧಾನದ ಎಂಟನೇ ಶೆಡ್ಯೂಲಿನ ಯಾವುದೇ ಭಾಷೆಯಲ್ಲಿ ಓದಿಕೊಳ್ಳುವ ಅವಕಾಶ ಕೊಡಬೇಕು. ಆ ಪಟ್ಟಿಯಲ್ಲಿ ಕನ್ನಡ ಇದೆ, ಅಲ್ವಾ? ಹಾಗಿದ್ದರೆ ‘ಬೇಡ’ ಅನ್ನುವ ಸಾಲೂ ಕನ್ನಡದಲ್ಲಿ ಯಾಕಿರಬಾರದು? ದೀಪಾವಳಿ ರಿಯಾಯಿತಿಯನ್ನು ದಪ್ಪ ದಪ್ಪ ಕನ್ನಡ ಅಕ್ಷರದಲ್ಲಿ ಕಳಿಸುವ ಕಂಪನಿಗಳಿಗೆ, ‘ನಮ್ಮ ಮೇಲ್ ಬೇಡವಾದರೆ ಇಲ್ಲಿ ಒತ್ತಿ’ ಎಂದು ಅದೇ ಗಾತ್ರದಲ್ಲಿ ಬರೆಯುವುದು ಕಷ್ಟವೇನಲ್ಲ. ಶಿವಮೊಗ್ಗದ ಅಂಗಡಿಯವರೂ ಬಿಲ್ ಮಾಡುವ ಮೊದಲು ಇಮೇಲ್ ಯಾತಕ್ಕೆ ಎಂದು ಒಂದು ಮಾತು ಹೇಳಲಿ.

ಈ ಪತ್ರವನ್ನು ಲಕೋಟೆಯಲ್ಲಿ ಹಾಕಿ, ಸರಿಯಾದ ಸ್ಟಾಂಪ್ ಅಂಟಿಸಿಯೇ ಕಳಿಸುತ್ತಿದ್ದೇನೆ. ಇಮೇಲ್ ಮಾಡಿದರೆ ನಿಮ್ಮ ಸ್ಪ್ಯಾಮ್ ಪೆಟ್ಟಿಗೆಗೆ ಬಿದ್ದೀತೆಂದು ಭಯ.

ಇಂತಿ,
ನಿವೃತ್ತ ಬ್ರಾಂಚ್ ಪೋಸ್ಟ್ ಮಾಸ್ಟರ್,
ತೀರ್ಥಹಳ್ಳಿ ತಾಲ್ಲೂಕು