ತರಗೆಲೆಯ ತೇವವನ್ನೂ ಅಳೆಯಲಿ

ಮಾನ್ಯರೇ,

ಬೇಸಿಗೆ ಬಂತೆಂದರೆ ಚಿಂಚೋಳಿ ವನ್ಯಜೀವಿಧಾಮಕ್ಕೆ ಕಾಳ್ಗಿಚ್ಚಿನ ಭಯ ಶುರುವಾಗುತ್ತದೆ. ಭಾರತೀಯ ಅರಣ್ಯ ಸರ್ವೇಕ್ಷಣಾ ಸಂಸ್ಥೆಯು ಉಪಗ್ರಹಗಳ ನೆರವಿನಿಂದ ಕಳುಹಿಸುವ ಸಂದೇಶಗಳು ಬೆಂಕಿ ಹೊತ್ತಿರುವ ಜಾಗವನ್ನು ತೋರಿಸುತ್ತವೆ. ಆದರೆ ಅದು ಯಾವ ಇಳಿಜಾರಿನಲ್ಲಿ ಎಷ್ಟು ವೇಗವಾಗಿ ಹಬ್ಬೀತು ಎಂಬುದನ್ನು ಅಂದಾಜಿಸಲು ನೆಲದ ಮೇಲಿನ ಲೆಕ್ಕವೂ ಬೇಕು.

ಅಮೆರಿಕದ ಕಾಳ್ಗಿಚ್ಚು ಸಂಶೋಧಕ ರಿಚರ್ಡ್ ರಾಥರ್ಮೆಲ್ 1972ರಲ್ಲಿ ಪ್ರಕಟಿಸಿದ ಗಣಿತ ಮಾದರಿಯು ಉರಿಯುವ ವಸ್ತುವಿನ ತೂಕ, ದಪ್ಪ, ಪದರದ ಆಳ ಹಾಗೂ ತೇವಾಂಶವನ್ನು ಗಾಳಿ ಮತ್ತು ಇಳಿಜಾರಿನೊಂದಿಗೆ ಸೇರಿಸಿ ಬೆಂಕಿ ಹರಡುವ ವೇಗವನ್ನು ಲೆಕ್ಕ ಹಾಕುತ್ತದೆ. ಇದರಲ್ಲಿ ತೇವಾಂಶದ ಪಾತ್ರ ದೊಡ್ಡದು. ಏಕೆಂದರೆ ಶಾಖದ ಒಂದು ಪಾಲು ನೀರನ್ನು ಆವಿ ಮಾಡುವುದಕ್ಕೇ ಖರ್ಚಾಗುತ್ತದೆ. ಸುಮಾರು 6 ಮಿ.ಮೀ.ಗಿಂತ ತೆಳುವಾದ ಹುಲ್ಲು, ಕಡ್ಡಿಗಳು ಗಾಳಿಯ ಶುಷ್ಕತೆಗೆ ಒಂದೆರಡು ಗಂಟೆಗಳಲ್ಲೇ ಸ್ಪಂದಿಸಿದರೆ, 25ರಿಂದ 75 ಮಿ.ಮೀ. ದಪ್ಪದ ಕೊಂಬೆಗಳಿಗೆ ಹಲವು ದಿನಗಳೇ ಬೇಕಾಗುತ್ತವೆ. ಬೆಳಿಗ್ಗೆ ಹೊತ್ತಿಕೊಳ್ಳದ ಹುಲ್ಲು ಮಧ್ಯಾಹ್ನ ಧಗ್ಗೆಂದು ಉರಿಯುವುದು ಇದರಿಂದಲೇ.

ಆದರೆ ಅಲ್ಲಿನ ಅಂಕಿಗಳನ್ನು ಹಾಗೆಯೇ ಇಲ್ಲಿಗೆ ತರುವುದು ಸರಿಯಲ್ಲ. ತೇಗದ ಅಗಲವಾದ ಎಲೆ ಒಣಗಿ ಸುರುಳಿಗೊಂಡು ಸಡಿಲವಾಗಿ ಬೀಳುವುದರಿಂದ ಎಲೆಗಳ ನಡುವೆ ಗಾಳಿಯಾಡುತ್ತದೆ. ಅಲ್ಲಿನ ಪೈನ್ ಮರಗಳ ಸೂಜಿಯಂಥ ಎಲೆಗಳ ಒತ್ತಾದ ಹಾಸಿನ ಸ್ವಭಾವವೇ ಬೇರೆ. ಅರಣ್ಯ ಇಲಾಖೆಯು ಕಲಬುರಗಿಯ ವಿಶ್ವವಿದ್ಯಾಲಯಗಳ ಜೊತೆಗೂಡಿ, ಫೆಬ್ರವರಿಯಿಂದ ಮೇವರೆಗೆ ಪ್ರತಿ ವಾರ ಗೊತ್ತಾದ ಚೌಕಗಳ ತರಗೆಲೆಯನ್ನು ತೂಗಿ, ಒಣಗಿಸಿ, ಮತ್ತೆ ತೂಗಿ ದಾಖಲಿಸಲಿ. ಇದಕ್ಕೆ ದುಬಾರಿ ಯಂತ್ರಗಳೇನೂ ಬೇಕಿಲ್ಲ. ಬೆಂಕಿ ದಾಟದಂತೆ ಹುಲ್ಲು, ತರಗೆಲೆ ಸವರಿ ಮಾಡುವ ಬೆಂಕಿರೇಖೆಯನ್ನು ಎಲ್ಲಿ, ಎಷ್ಟು ಅಗಲಕ್ಕೆ ತೆಗೆಯಬೇಕು ಎಂಬುದನ್ನು ಆ ದಾಖಲೆಯ ಆಧಾರದ ಮೇಲೆ ನಿರ್ಧರಿಸಬಹುದು.

– ಓದುಗ, ಚಿಂಚೋಳಿ, ಕಲಬುರಗಿ ಜಿಲ್ಲೆ